ಅಲಕ್ಷ್ಯದ ಒಂದು ಕ್ಷಣ: ಪಾಪಪ್ರಜ್ಞೆ ಮತ್ತು ಮನಸ್ಸಿನ ಚೇತರಿಕೆ

ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಮನಸ್ಸನ್ನು ಕಲಕುವ ಒಂದು ಪ್ರಸಂಗವಿದೆ. ರಾಮನು ಕಾಡಿಗೆ ತೆರಳಿದ ಕೆಲವೇ ದಿನಗಳಲ್ಲಿ, ತನ್ನ ಬಾಳಿನ ಕಡೆಯ ರಾತ್ರಿ, ದಶರಥನು ಕೌಸಲ್ಯೆಯೆದುರು ತನ್ನ ಯೌವನದ ಒಂದು ಘಟನೆಯನ್ನು ಬಿಚ್ಚಿಡುತ್ತಾನೆ. ಆಗ ಅವನಿನ್ನೂ ಯುವರಾಜ, ಕೌಸಲ್ಯೆಯ ಕೈಹಿಡಿದಿರಲಿಲ್ಲ. ಮಳೆಗಾಲದಲ್ಲಿ ರಥವೇರಿ ಸರಯೂ ತೀರಕ್ಕೆ ಬೇಟೆಗೆ ಹೋಗಿದ್ದನು. ಕತ್ತಲಲ್ಲಿ ಕೊಡ ತುಂಬುವ ಸದ್ದು ಕೇಳಿಸಿತು. ಆನೆಯ ಸದ್ದೆಂದು ಬಗೆದು, ಕಣ್ಣಿಗೆ ಕಾಣದ ಗುರಿಗೆ ಬಾಣ ಬಿಟ್ಟನು. ಬಿದ್ದವನು ಕುರುಡರಾದ ತಂದೆತಾಯಿಗಳಿಗೆ ನೀರೊಯ್ಯಲು ಬಂದಿದ್ದ ತರುಣ. ದಶರಥನಿಗೆ ಅವನನ್ನು ಕೊಲ್ಲುವ ಉದ್ದೇಶವಿರಲಿಲ್ಲ. ಆದರೆ ಶಬ್ದವೇಧಿಯೆಂಬ ಹೆಮ್ಮೆಯಲ್ಲಿ ನೋಡದೆಯೇ ಬಾಣ ಬಿಟ್ಟುದು ಸುಳ್ಳಲ್ಲ.

ಉದ್ದೇಶವಿಲ್ಲದೆ, ಆದರೆ ತನ್ನದೇ ಅಲಕ್ಷ್ಯದಿಂದ ಇನ್ನೊಂದು ಜೀವ ಹೋಯಿತು ಎಂಬ ಅರಿವು ಮನುಷ್ಯನಿಗೆ ಒದಗಬಹುದಾದ ಅತಿ ಭಾರದ ಅನುಭವಗಳಲ್ಲಿ ಒಂದು. ಕೊಲೆಗಾರನ ಮನಸ್ಸಿಗೂ ನಿರಪರಾಧಿಯ ಮನಸ್ಸಿಗೂ ನಡುವೆ, ಎರಡಕ್ಕೂ ಸೇರದ ಒಂದು ಎಡೆಯಲ್ಲಿ ಅಂಥವನು ನಿಂತಿರುತ್ತಾನೆ. ಇಂದು ಬಾಣದ ಸ್ಥಾನದಲ್ಲಿ ಮೋಟಾರು ವಾಹನವಿದೆ. ಕತ್ತಲಿನ ಸ್ಥಾನದಲ್ಲಿ ಅಂಗೈಯಗಲದ ಮೊಬೈಲ್ ಪರದೆಯಿದೆ. ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಿಂದ 1,68,491 ಮಂದಿ ಮೃತಪಟ್ಟರೆಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ. ಅಂದರೆ ದಿನವೊಂದಕ್ಕೆ ಸರಾಸರಿ 460ಕ್ಕೂ ಹೆಚ್ಚು. ಐದರಿಂದ ಇಪ್ಪತ್ತೊಂಬತ್ತು ವರ್ಷ ವಯಸ್ಸಿನವರ ಸಾವಿಗೆ ಜಗತ್ತಿನಲ್ಲಿಯೇ ಮೊದಲನೆಯ ಕಾರಣ ರಸ್ತೆ ಅಪಘಾತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸತ್ತವರ ಲೆಕ್ಕ ಹೀಗೆ ಸಿಗುತ್ತದೆ. ವಾಹನ ನಡೆಸುತ್ತಿದ್ದು ಬದುಕುಳಿದವರ ಒಳಗೆ ಏನಾಯಿತೆಂಬುದು ಯಾವ ಕೋಷ್ಟಕದಲ್ಲಿಯೂ ಬರುವುದಿಲ್ಲ.

ಒಂದು ನಿದರ್ಶನ

ವಿಷಯವನ್ನು ತಿಳಿಯಲು ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಇದು ಯಾವೊಬ್ಬರ ಕಥೆಯೂ ಅಲ್ಲ. ಆದರೆ ಇದರ ಒಂದೊಂದು ತುಣುಕೂ ಎಲ್ಲಿಯೋ ಯಾರಿಗೋ ಸಂಭವಿಸಬಲ್ಲಂಥದು.

ಪುಣೆಯಲ್ಲಿ ನೆಲೆಸಿದ ಧಾರವಾಡದ ಕಡೆಯ ಕುಟುಂಬವೊಂದರ ಮಗ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದಾನೆ. ಅದೇ ಕಾಲೇಜಿನಲ್ಲಿ, ಮುಂಬಯಿಯ ಮಾಟುಂಗಾದಲ್ಲಿ ಬೆಳೆದು ಪುಣೆಯ ಹಾಸ್ಟೆಲಿನಲ್ಲಿರುವ ಕನ್ನಡದ ಹುಡುಗಿಯೊಬ್ಬಳಿದ್ದಾಳೆ. ಇಬ್ಬರಲ್ಲಿ ಸ್ನೇಹ ಬೆಳೆದು ಪ್ರೀತಿಯಾಗಿದೆ. ಮನೆಯವರಿಗೆ ಇನ್ನೂ ಹೇಳಿಲ್ಲ. ಇಬ್ಬರಿಗೂ ಆಪ್ತನಾದ ಮರಾಠಿ ಸಹಪಾಠಿಯೊಬ್ಬನಿದ್ದಾನೆ. ಅವನ ತಾಯಿಯ ಕೈಯಡುಗೆಯನ್ನು ಈ ಮೂವರೂ ಎಷ್ಟೋ ಭಾನುವಾರ ಉಂಡಿದ್ದಾರೆ.

ಜುಲೈ ತಿಂಗಳ ಒಂದು ಸಂಜೆ. ಕಾತ್ರಜ್ ಕಡೆಯ ರಸ್ತೆಯಲ್ಲಿ ಸಣ್ಣ ಮಳೆ. ಹುಡುಗ ಸ್ಕೂಟರ್ ನಡೆಸುತ್ತಿದ್ದಾನೆ. ಗೆಳೆಯ ಹಿಂದೆ ಕುಳಿತಿದ್ದಾನೆ, ಹೆಲ್ಮೆಟ್ ಇಲ್ಲದೆ. ಹ್ಯಾಂಡಲಿಗೆ ಸಿಕ್ಕಿಸಿದ ಮೊಬೈಲ್ ಮಿನುಗುತ್ತದೆ. ಪರದೆಯ ಮೇಲೆ ಅವಳ ಹೆಸರು. ಅವನು ನೋಡುತ್ತಾನೆ, ಬೆರಳು ಚಾಚುತ್ತಾನೆ. ತಲೆಯೆತ್ತಿದಾಗ, ಹಿಂದೀಪವಿಲ್ಲದೆ ನಿಂತ ಟೆಂಪೋ ಎದುರಿಗೇ ಇದೆ. ಹ್ಯಾಂಡಲ್ ತಿರುಗುತ್ತದೆ, ಚಕ್ರ ಜಾರುತ್ತದೆ. ಸವಾರನ ಮೊಣಕೈ ಮುರಿಯುತ್ತದೆ. ಗೆಳೆಯನ ತಲೆ ರಸ್ತೆ ವಿಭಜಕದ ಕಲ್ಲಿಗೆ ಬಡಿಯುತ್ತದೆ. ಮರುದಿನ ಬೆಳಗಿನ ಹೊತ್ತಿಗೆ ಅವನಿಲ್ಲ.

ಪೊಲೀಸರು ಕೇಳಿದಾಗ ಹುಡುಗನ ಬಾಯಿಂದ ತಾನಾಗಿ ಹೊರಟ ಮಾತು, “ನಾಯಿ ಅಡ್ಡ ಬಂತು.” ಮೊಬೈಲಿನ ಸಂಗತಿಯನ್ನು ಅವನು ಹೇಳಲಿಲ್ಲ. ಅದು ಗೊತ್ತಿದ್ದವಳು ಇನ್ನೊಬ್ಬಳೇ, ಕರೆ ಮಾಡಿದವಳು.

ಎರಡು ಸೆಕೆಂಡುಗಳಲ್ಲಿ ಆಗುವುದೇನು?

“ಬರೀ ಎರಡು ಸೆಕೆಂಡು ನೋಡಿದೆ” ಎಂಬ ಮಾತನ್ನು ಅಪಘಾತಕ್ಕೀಡಾದವರು ಅನೇಕ ಸಲ ಆಡುತ್ತಾರೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಚಲಿಸುವ ವಾಹನ ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಎರಡು ಸೆಕೆಂಡಿನಲ್ಲಿ 22 ಮೀಟರ್. ಅಷ್ಟು ದೂರವನ್ನು ಸವಾರನು ಕುರುಡನಂತೆಯೇ ಕ್ರಮಿಸಿರುತ್ತಾನೆ. ಆಮೇಲೆ ಅಪಾಯವನ್ನು ಗುರುತಿಸಿ ಬ್ರೇಕ್ ಹಿಡಿಯಲು ಇನ್ನೂ ಒಂದು, ಒಂದೂವರೆ ಸೆಕೆಂಡು ಬೇಕು. ರಸ್ತೆ ಒದ್ದೆಯಾಗಿದ್ದರೆ ವಾಹನ ನಿಲ್ಲಲು ಬೇಕಾಗುವ ದೂರ ಮತ್ತೂ ಹೆಚ್ಚು.

ಕಣ್ಣು ರಸ್ತೆಯ ಮೇಲಿದ್ದರೆ ಸಾಕೆಂಬುದೂ ಪೂರ್ಣಸತ್ಯವಲ್ಲ. ಕಣ್ಣು ಬೇರೆ, ಅವಧಾನ ಬೇರೆ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಚೆಂಡನ್ನು ಎಸೆದಾಡುವವರ ಚಲನಚಿತ್ರವನ್ನು ತೋರಿಸಿ, ಎಸೆತಗಳನ್ನು ಎಣಿಸಬೇಕೆಂದು ನೋಡುಗರಿಗೆ ಹೇಳಲಾಯಿತು. ನಡುವೆ ಗೊರಿಲ್ಲಾ ವೇಷಧಾರಿಯೊಬ್ಬರು ಆಟದ ಮಧ್ಯದಲ್ಲಿಯೇ ನಡೆದುಹೋದರು. ಎಣಿಕೆಯಲ್ಲಿ ಮಗ್ನರಾಗಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಕಾಣಲೇ ಇಲ್ಲ. ಬೆಳಕು ಕಣ್ಣಿನೊಳಗೆ ಬಿದ್ದಿತ್ತು. ಮನಸ್ಸು ಅದನ್ನು ಸ್ವೀಕರಿಸಲಿಲ್ಲ.

ವಾಹನ ಚಾಲನೆಗೂ ಈ ನಿಯಮ ಅನ್ವಯಿಸುತ್ತದೆ. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಮಾತನಾಡಿದರೂ ಚಾಲಕನ ಪ್ರತಿಕ್ರಿಯೆ ನಿಧಾನವಾಗುತ್ತದೆಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಅವರ ತಂಡ 2001ರಿಂದಲೇ ತೋರಿಸುತ್ತ ಬಂದಿದೆ. ಧ್ವನಿಯಿಂದ ಆಜ್ಞೆ ನೀಡುವ ಸಾಧನಗಳನ್ನು ಬಳಸಿದ ಮೇಲೆ, ಅವಧಾನ ಪೂರ್ತಿಯಾಗಿ ರಸ್ತೆಗೆ ಮರಳಲು 27 ಸೆಕೆಂಡುಗಳವರೆಗೂ ಹಿಡಿಯಬಹುದೆಂದು ಇದೇ ತಂಡ 2015ರಲ್ಲಿ ವರದಿ ಮಾಡಿತು. ಚಾಲನೆಯ ವೇಳೆ ಮೊಬೈಲ್ ಬಳಸುವವರು ಅಪಘಾತಕ್ಕೀಡಾಗುವ ಸಂಭವ ಬಳಸದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಪ್ರೀತಿಸುವವರ ಹೆಸರು ಪರದೆಯ ಮೇಲೆ ಮೂಡಿದಾಗ ಮನಸ್ಸು ಅತ್ತ ಹರಿಯುವುದು ದುಷ್ಟತನವಲ್ಲ. ಅದು ಮನಸ್ಸಿನ ಸ್ವಭಾವ. ಆ ಸ್ವಭಾವವನ್ನು ಬಲ್ಲವನು ಸವಾರಿಗೆ ಮುಂಚೆಯೇ ಮೊಬೈಲನ್ನು ಕಣ್ಣಿಗೆ ಬೀಳದಂತೆ ಚೀಲದೊಳಗೆ ಇಡಬೇಕಾಗಿತ್ತು. ಅವನ ಹೊಣೆಗಾರಿಕೆ ಇರುವುದು ಇಲ್ಲಿ.

ಆಘಾತದ ಮೊದಲ ವಾರಗಳು

ಅಪಘಾತದ ಬೆನ್ನಲ್ಲೇ ಚಾಲಕನ ದೇಹ ಮತ್ತು ಮನಸ್ಸುಗಳಲ್ಲಿ ಕಾಣುವ ಬದಲಾವಣೆಗಳನ್ನು ಮನೆಯವರು ತಿಳಿದಿರುವುದು ಅವಶ್ಯ. ನಿದ್ರೆ ಬಾರದು, ಬಂದರೂ ಅದೇ ದೃಶ್ಯ ಕನಸಾಗಿ ಮರಳುತ್ತದೆ. ಎಚ್ಚರದಲ್ಲಿಯೂ ಬ್ರೇಕಿನ ಸದ್ದು, ಮಳೆಯ ವಾಸನೆ, ಮೊಬೈಲಿನ ಗಂಟೆ ಇವುಗಳಲ್ಲಿ ಯಾವುದಾದರೂ ಒಂದು ಆ ಕ್ಷಣವನ್ನು ಮತ್ತೆ ಕಣ್ಣೆದುರು ತಂದು ನಿಲ್ಲಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಮೈ ಬೆವರುತ್ತದೆ. ಕೆಲವರು ಮರಗಟ್ಟಿದವರಂತೆ ಇರುತ್ತಾರೆ. ಅಳು ಕೂಡ ಬರುವುದಿಲ್ಲ. ಇದನ್ನು ಕಲ್ಲುಹೃದಯವೆಂದು ತಿಳಿಯಬಾರದು. ಸಹಿಸಲಾರದ ಭಾರವನ್ನು ಮನಸ್ಸು ತಾತ್ಕಾಲಿಕವಾಗಿ ದೂರವಿಡುವ ರೀತಿ ಅದು.

ಹೆಚ್ಚಿನವರಲ್ಲಿ ಈ ಲಕ್ಷಣಗಳು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಒಂದು ತಿಂಗಳು ಕಳೆದರೂ ಇಳಿಯದೆ, ಓದು, ಕೆಲಸ, ಊಟ, ನಿದ್ರೆಗಳಿಗೆ ಅಡ್ಡಿಯಾದರೆ ಅದನ್ನು ಆಘಾತೋತ್ತರ ಮನೋಬೇನೆಯೆಂದು ವೈದ್ಯರು ಪರಿಗಣಿಸುತ್ತಾರೆ. ಯುದ್ಧದಿಂದ ಮರಳಿದ ಸೈನಿಕರ ಅಧ್ಯಯನದಿಂದ ಹೆಚ್ಚಾಗಿ ಬೆಳಕಿಗೆ ಬಂದ ಈ ಬೇನೆಗೆ 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘದ ರೋಗಪಟ್ಟಿಯಲ್ಲಿ ಸ್ಥಾನ ದೊರೆಯಿತು. ಇದಕ್ಕೆ ಚಿಕಿತ್ಸೆಯಿದೆ, ಚಿಕಿತ್ಸೆಯಿಂದ ಗುಣವೂ ಆಗುತ್ತದೆ.

ಪಾಪಪ್ರಜ್ಞೆಯ ಎರಡು ಮುಖಗಳು

ಪಾಪಪ್ರಜ್ಞೆಯೆಲ್ಲವೂ ರೋಗವಲ್ಲ. “ನಾನು ತಪ್ಪು ಮಾಡಿದೆ” ಎಂಬ ಅರಿವು ಆರೋಗ್ಯದ ಲಕ್ಷಣ. ಅದು ಇಲ್ಲದವನ ಬಗ್ಗೆಯೇ ಸಮಾಜ ಭಯಪಡಬೇಕು. ಆದರೆ ಈ ಅರಿವು ಬಹುಬೇಗ “ನಾನೇ ತಪ್ಪು” ಎಂದು ರೂಪ ಬದಲಿಸುತ್ತದೆ. ಮೊದಲನೆಯದು ಪಶ್ಚಾತ್ತಾಪ, ಅದು ಕೃತ್ಯವನ್ನು ನೋಡುತ್ತದೆ, ಸರಿಪಡಿಸುವ ದಾರಿಯನ್ನು ಹುಡುಕುತ್ತದೆ. ಎರಡನೆಯದು ನಾಚಿಕೆ, ಅದು ವ್ಯಕ್ತಿಯನ್ನೇ ಧಿಕ್ಕರಿಸುತ್ತದೆ, ಮುಖ ಮರೆಸಿಕೊಳ್ಳಲು ಹೇಳುತ್ತದೆ. ಮೊದಲನೆಯದು ಮನುಷ್ಯನನ್ನು ಇತರರ ಬಳಿಗೆ ಕರೆದೊಯ್ದರೆ, ಎರಡನೆಯದು ಎಲ್ಲರಿಂದಲೂ ದೂರ ಒಯ್ಯುತ್ತದೆ.

ಪಾಪಪ್ರಜ್ಞೆಯನ್ನು ಬೆಳೆಸುವ ಇನ್ನೊಂದು ಮನೋಭ್ರಮೆಯೂ ಇದೆ. ಆಗಿಹೋದುದರ ಫಲ ತಿಳಿದ ಮೇಲೆ, ಅದು ಮೊದಲೇ ತಿಳಿದಿತ್ತೇನೋ ಎಂದು ಮನಸ್ಸಿಗೆ ತೋರುತ್ತದೆ. ಬಾರೂಕ್ ಫಿಶಾಫ್ ಎಂಬ ಮನೋವಿಜ್ಞಾನಿ 1975ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು. ನಿದರ್ಶನದ ಹುಡುಗಿಯ ಸ್ಥಿತಿ ಇದಕ್ಕೆ ತಕ್ಕುದಾಗಿದೆ. “ಹೊರಟಿರೇನು?” ಎಂದು ಕೇಳಲು ಅವಳು ಕರೆ ಮಾಡಿದಳು. ಅಂಥ ಕರೆಯನ್ನು ಅವಳು ದಿನವೂ ಮಾಡುತ್ತಿದ್ದಳು. ಆ ದಿನ ಮಾತ್ರ ಅದರ ಹಿಂದೆ ಸಾವು ಬಂತು. ಈಗ ಅವಳ ಮನಸ್ಸು, ಮಳೆ ಬರುತ್ತಿದ್ದುದು ಗೊತ್ತಿತ್ತು, ದಾರಿಯಲ್ಲಿರುವುದು ಗೊತ್ತಿತ್ತು, ಆದರೂ ಕರೆ ಮಾಡಿದೆ ಎಂದು ಸಾಕ್ಷ್ಯ ಜೋಡಿಸುತ್ತದೆ. ಫಲವನ್ನು ಬಲ್ಲ ಇಂದಿನವಳು, ಅದನ್ನು ಬಲ್ಲದ ಅಂದಿನವಳನ್ನು ವಿಚಾರಣೆಗೆ ಗುರಿಪಡಿಸುತ್ತಾಳೆ. ಆ ವಿಚಾರಣೆ ನ್ಯಾಯವಾದುದಲ್ಲ.

ಇವೆರಡರ ಜೊತೆಗೆ, ಸತ್ತವರ ನಡುವೆ ತಾನೊಬ್ಬ ಉಳಿದೆನಲ್ಲಾ ಎಂಬ ವೇದನೆಯೂ ಸೇರುತ್ತದೆ. ನಾಜಿ ಶಿಬಿರಗಳಿಂದ ಪಾರಾಗಿ ಬಂದವರಲ್ಲಿ ಇದನ್ನು ಮನೋವೈದ್ಯ ವಿಲಿಯಂ ನೀಡರ್‌ಲ್ಯಾಂಡ್ 1960ರ ದಶಕದಲ್ಲಿ ವಿವರಿಸಿದರು. ಮೊಣಕೈ ಮಾತ್ರ ಮುರಿದುಕೊಂಡ ಹುಡುಗನಿಗೆ ಆ ಪ್ಲಾಸ್ಟರ್ ಬಿಚ್ಚಿದ ದಿನ ಸಂತೋಷವಾಗುವುದಿಲ್ಲ, ಅಳು ಬರುತ್ತದೆ.

ಪ್ರೀತಿಯ ಮೇಲೆ ಬಿದ್ದ ನೆರಳು

ಇಂಥ ದುರಂತದ ಬಳಿಕ ತರುಣ ಪ್ರೇಮಿಗಳ ಸಂಬಂಧ ಹೇಗೆ ಕೆಡುತ್ತದೆಂಬುದನ್ನು ಗಮನಿಸಬೇಕು. ಅವನು ಅವಳ ಕರೆಗೆ ಉತ್ತರಿಸುವುದಿಲ್ಲ. ಆ ಗಂಟೆಯೇ ಅವನಿಗೆ ಸಹಿಸಲಾಗದು. ಅವಳು ಅದನ್ನು, “ನಿನ್ನಿಂದಲೇ ಆಯಿತು” ಎಂಬ ಆರೋಪವೆಂದು ತಿಳಿಯುತ್ತಾಳೆ. ಅವಳ ಕರೆ ನಿಂತುದನ್ನು ಅವನು, ತನ್ನ ಮೇಲಿನ ಅಸಹ್ಯವೆಂದು ತಿಳಿಯುತ್ತಾನೆ. ಇಬ್ಬರೂ ತಮ್ಮ ತಮ್ಮ ಪಾಪಪ್ರಜ್ಞೆಯನ್ನು ಇನ್ನೊಬ್ಬರ ಮೌನದಲ್ಲಿ ಓದಿಕೊಳ್ಳುತ್ತಾರೆ. ಮಧ್ಯದಲ್ಲಿ ಮೊಬೈಲಿನ ಗುಟ್ಟು ಕುಳಿತಿದೆ. ಅದನ್ನು ಮುಚ್ಚಿಟ್ಟಿರುವವರೆಗೆ, ಇಬ್ಬರೂ ಭೇಟಿಯಾದಾಗಲೆಲ್ಲ ಮೊದಲು ಭೇಟಿಯಾಗುವುದು ಆ ಗುಟ್ಟೇ.

ಕೆಲವು ಜೋಡಿಗಳು ಇದಕ್ಕೆ ವಿರುದ್ಧವಾದ ತಪ್ಪು ಮಾಡುತ್ತವೆ. ದುಃಖದ ಭರದಲ್ಲಿ ಒಬ್ಬರನ್ನೊಬ್ಬರು ಬಿಡದೆ ಅಂಟಿಕೊಂಡು, ಬೇರಾರ ಸಹಾಯವನ್ನೂ ಬಯಸದೆ, ಒಬ್ಬರು ರೋಗಿ ಇನ್ನೊಬ್ಬರು ವೈದ್ಯ ಎಂಬಂತೆ ಬದುಕತೊಡಗುತ್ತವೆ. ಪ್ರೀತಿ ಪ್ರಾಯಶ್ಚಿತ್ತವಾಗಿ ಮಾರ್ಪಡುತ್ತದೆ. “ಅವನ ಈ ಸ್ಥಿತಿಗೆ ನಾನೇ ಕಾರಣ, ಇನ್ನು ಅವನನ್ನು ಬಿಡುವಂತಿಲ್ಲ” ಎಂಬ ನಿಶ್ಚಯ ತ್ಯಾಗದಂತೆ ಕಂಡರೂ, ದಾಂಪತ್ಯಕ್ಕೆ ಅದು ಭದ್ರವಾದ ಅಡಿಪಾಯವಾಗದು. ನಗು ಬಂದರೂ ಸತ್ತವನಿಗೆ ದ್ರೋಹ ಬಗೆದಂತೆ ಎಂಬ ಭಾವನೆ ಇಬ್ಬರನ್ನೂ ಕಾಡುತ್ತದೆ.

ಆದುದರಿಂದ, ದುರಂತದ ಮೊದಲ ಕೆಲವು ತಿಂಗಳುಗಳಲ್ಲಿ ಸಂಬಂಧವನ್ನು ಮುರಿಯುವ ನಿರ್ಧಾರವನ್ನಾಗಲಿ, ಅವಸರದ ಮದುವೆಯ ನಿರ್ಧಾರವನ್ನಾಗಲಿ ಮಾಡದಿರುವುದು ಒಳ್ಳೆಯದು. ಇಬ್ಬರೂ ಬೇರೆ ಬೇರೆಯಾಗಿ ಆಪ್ತಸಲಹೆ ಪಡೆಯಬೇಕು. ಅವರು ಭೇಟಿಯಾದಾಗ ಒಬ್ಬರನ್ನೊಬ್ಬರು ಸಮಾಧಾನಪಡಿಸಲು ಹೆಣಗದೆ, ನಡೆದುದನ್ನು ನಡೆದಂತೆ ಹೇಳಿಕೊಂಡರೆ ಸಾಕು. “ಆ ಕರೆ ಮಾಡಿದ್ದು ನಾನು.” “ಹೌದು, ನೋಡಿದ್ದು ನಾನು.” ಈ ಎರಡು ವಾಕ್ಯಗಳನ್ನು ಗಟ್ಟಿಯಾಗಿ ಆಡಲು ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಆಡಿದ ಮೇಲೆ ಆರೋಪಕ್ಕೂ ಅನುಮಾನಕ್ಕೂ ಹೆಚ್ಚಿನ ಎಡೆ ಉಳಿಯುವುದಿಲ್ಲ.

ಹೊಣೆಯನ್ನು ಅಳೆಯುವ ಬಗೆ

ಆಪ್ತಸಲಹೆಯಲ್ಲಿ ಬಳಸುವ ಒಂದು ಸರಳ ಕ್ರಮವನ್ನು ಜೋಳದ ರೊಟ್ಟಿಯ ಉಪಮೆಯಿಂದ ವಿವರಿಸಬಹುದು. ಇಡೀ ದುರಂತವನ್ನು ಒಂದು ರೊಟ್ಟಿಯೆಂದು ಭಾವಿಸಿ, ಅದಕ್ಕೆ ಕಾರಣವಾದ ಒಂದೊಂದು ಸಂಗತಿಗೂ ತಕ್ಕಷ್ಟು ತುಂಡನ್ನು ಕೊಡುತ್ತ ಹೋಗಬೇಕು. ಹಿಂದೀಪವಿಲ್ಲದೆ ರಸ್ತೆಯಲ್ಲಿ ನಿಂತ ಟೆಂಪೋಗೆ ಒಂದು ತುಂಡು. ಮಳೆಗೆ ಒಂದು. ಗೆಳೆಯ ಹೆಲ್ಮೆಟ್ ಧರಿಸದೆ ಇದ್ದುದಕ್ಕೆ ಒಂದು. ಸರಿಯಾಗಿ ಧರಿಸಿದ ಹೆಲ್ಮೆಟ್ ದ್ವಿಚಕ್ರ ಸವಾರರ ಸಾವಿನ ಅಪಾಯವನ್ನು ಶೇಕಡಾ 40ಕ್ಕೂ ಹೆಚ್ಚು ತಗ್ಗಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಮೊಬೈಲನ್ನು ಕಣ್ಣೆದುರು ಸಿಕ್ಕಿಸಿಕೊಂಡು, ನೋಡಿದ್ದಕ್ಕೆ ಒಂದು. ಅದು ದೊಡ್ಡ ತುಂಡೇ. ಕಡೆಗೆ ನೋಡಿದರೆ, ಇಡೀ ರೊಟ್ಟಿಯೂ ಅವನದಲ್ಲ. ಆದರೆ ಅವನ ಪಾಲು ಇಲ್ಲವೆಂದೂ ಅಲ್ಲ. ಕರೆ ಮಾಡಿದವಳ ಪಾಲಿಗೆ ಬರುವುದು ತುಂಡಲ್ಲ, ಬಹುಶಃ ಒಂದು ಚೂರು. ಎಷ್ಟೋ ವೇಳೆ ಅದೂ ಇಲ್ಲ.

ಈ ಲೆಕ್ಕಾಚಾರದ ಉದ್ದೇಶ ತಪ್ಪಿಸಿಕೊಳ್ಳುವುದಲ್ಲ. ತನ್ನದಲ್ಲದ ಹೊರೆಯನ್ನು ಇಳಿಸಿದಾಗ ಮಾತ್ರ ತನ್ನದಾದ ಹೊರೆಯನ್ನು ಹೊರುವ ಶಕ್ತಿ ಬರುತ್ತದೆ.

ತನ್ನನ್ನು ತಾನು ಕ್ಷಮಿಸಿಕೊಳ್ಳುವುದಕ್ಕೆ ಮನೋವಿಜ್ಞಾನಿಗಳು ನಾಲ್ಕು ಮೆಟ್ಟಿಲುಗಳನ್ನು ಹೇಳುತ್ತಾರೆ. ಹೊಣೆಯನ್ನು ಒಪ್ಪಿಕೊಳ್ಳುವುದು, ಪಶ್ಚಾತ್ತಾಪವನ್ನು ಅನುಭವಿಸುವುದು, ಆದ ಹಾನಿಯನ್ನು ಸಾಧ್ಯವಾದಷ್ಟು ತುಂಬಿಕೊಡಲು ಪ್ರಯತ್ನಿಸುವುದು, ಬದಲಾದ ಮನುಷ್ಯನಾಗಿ ಮುಂದೆ ನಡೆಯುವುದು. ಮೊದಲ ಮೂರನ್ನು ಹಾರಿ ನಾಲ್ಕನೆಯದಕ್ಕೆ ಕಾಲಿಡುವಂತಿಲ್ಲ. ಮೊದಲ ಎರಡರಲ್ಲಿಯೇ ಜೀವಮಾನವಿಡೀ ನಿಲ್ಲಬೇಕಾದುದೂ ಇಲ್ಲ.

ಹೀಗೆ ನಡೆದ ಇಬ್ಬರು

ಅಮೆರಿಕದ ಯೂಟಾ ರಾಜ್ಯದಲ್ಲಿ 2006ರ ಸೆಪ್ಟೆಂಬರ್ 22ರ ಬೆಳಗ್ಗೆ, 19 ವರ್ಷದ ತರುಣನೊಬ್ಬ ಮೊಬೈಲಿನಲ್ಲಿ ಗೆಳತಿಯೊಡನೆ ಸಂದೇಶ ವಿನಿಮಯ ಮಾಡುತ್ತ ವಾಹನ ನಡೆಸುತ್ತಿದ್ದನು. ವಾಹನ ಎದುರು ದಿಕ್ಕಿನ ಪಥಕ್ಕೆ ಸರಿಯಿತು. ಕೆಲಸಕ್ಕೆ ಹೊರಟಿದ್ದ ಇಬ್ಬರು ವಿಜ್ಞಾನಿಗಳು ಸತ್ತರು. ಸಂದೇಶ ಕಳುಹಿಸುತ್ತಿರಲಿಲ್ಲವೆಂದು ಆತ ಬಹಳ ಕಾಲ ಹೇಳುತ್ತಲೇ ಬಂದನು. ದೂರವಾಣಿ ದಾಖಲೆಗಳು ಬೇರೆಯದನ್ನೇ ಹೇಳಿದವು. 2009ರಲ್ಲಿ ಆತ ತಪ್ಪೊಪ್ಪಿಕೊಂಡನು. ಅಲ್ಪಾವಧಿಯ ಸೆರೆವಾಸ ಅನುಭವಿಸಿದನು. ವಿಕ್ಟರ್ ಹ್ಯೂಗೋನ ‘ಲೇ ಮಿಸರಾಬ್ಲ’ ಕಾದಂಬರಿಯನ್ನು ಓದಬೇಕೆಂದೂ ನ್ಯಾಯಾಧೀಶರು ಆದೇಶಿಸಿದ್ದರು. ಅದೇ ವರ್ಷ ಆ ರಾಜ್ಯದ ಶಾಸನಸಭೆಯೆದುರು ನಿಂತು ತನ್ನ ಕೃತ್ಯವನ್ನು ಆತನೇ ವಿವರಿಸಿದನು. ಚಾಲನೆಯ ವೇಳೆ ಸಂದೇಶ ಕಳುಹಿಸುವುದರ ವಿರುದ್ಧ ಕಠಿಣವಾದ ಕಾನೂನು ಅಲ್ಲಿ ಜಾರಿಗೆ ಬಂದಿತು. ಆಮೇಲೆ ಶಾಲಾಕಾಲೇಜುಗಳಲ್ಲಿ ತನ್ನ ಕಥೆಯನ್ನು ಹೇಳುತ್ತ ಹೋದನು. ಪತ್ರಕರ್ತ ಮ್ಯಾಟ್ ರಿಕ್ಟೆಲ್ 2014ರಲ್ಲಿ ಈ ಪ್ರಕರಣವನ್ನು ಕುರಿತು ಒಂದು ಗ್ರಂಥವನ್ನೇ ಬರೆದರು.

ಇನ್ನೊಬ್ಬರು ಮೇರಿಯಾನ್ ಗ್ರೇ. 1977ರಲ್ಲಿ ಅವರು ಓಹಾಯೋ ರಾಜ್ಯದಲ್ಲಿ ಮನೋವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ಅವರು ನಡೆಸುತ್ತಿದ್ದ ಕಾರಿಗೆ ಎಂಟು ವರ್ಷದ ಬಾಲಕನೊಬ್ಬ ಹಠಾತ್ತನೆ ಅಡ್ಡ ಬಂದು ಮೃತಪಟ್ಟನು. ಅವರ ಮೇಲೆ ತಪ್ಪು ಹೊರಿಸಲ್ಪಡಲಿಲ್ಲ. ಆದರೂ ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಅವರು ಆ ಭಾರವನ್ನು ಬಹುಮಟ್ಟಿಗೆ ಮೌನವಾಗಿಯೇ ಹೊತ್ತರು. 2003ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾ ಸಂತೆಯಲ್ಲಿ ವೃದ್ಧ ಚಾಲಕನೊಬ್ಬನ ಕಾರು ಜನರ ಮೇಲೆ ಹರಿದು 10 ಮಂದಿ ಸತ್ತಾಗ, ಆ ಚಾಲಕನ ಸ್ಥಿತಿಯನ್ನು ನೆನೆದು ಅವರು ರೇಡಿಯೋದಲ್ಲಿ ತಮ್ಮ ಅನುಭವವನ್ನು ಬಹಿರಂಗಪಡಿಸಿದರು. ತಮ್ಮಂತೆಯೇ ನೊಂದವರಿಗೆ ನೆರವಾಗಲು ಅನಂತರ ಒಂದು ಬಳಗವನ್ನು ಕಟ್ಟಿದರು.

ಒಬ್ಬರದು ಸ್ಪಷ್ಟವಾದ ತಪ್ಪು. ಇನ್ನೊಬ್ಬರದು ತಪ್ಪೇ ಅಲ್ಲ. ಆದರೆ ಇಬ್ಬರ ಚೇತರಿಕೆಯೂ ಆರಂಭವಾದುದು ಮಾತಿನಿಂದ. ಮುಂದುವರಿದುದು ಇತರರಿಗೆ ಉಪಯೋಗವಾಗುವ ಕೆಲಸದಿಂದ.

ಚಿಕಿತ್ಸೆ

ಆಘಾತದ ನೆನಪನ್ನು ಸುರಕ್ಷಿತ ವಾತಾವರಣದಲ್ಲಿ, ತಜ್ಞರ ನೆರವಿನಿಂದ ಹಂತಹಂತವಾಗಿ ಎದುರಿಸುವ ಮನೋಚಿಕಿತ್ಸೆ ಫಲಕಾರಿಯೆಂದು ಸಿದ್ಧವಾಗಿದೆ. ನೆನಪು ಅಳಿಯುವುದಿಲ್ಲ, ಅದರ ಕಚ್ಚುವ ಹಲ್ಲು ಮೊಂಡಾಗುತ್ತದೆ. ಕಣ್ಣುಗುಡ್ಡೆಗಳನ್ನು ಅತ್ತಿತ್ತ ಚಲಿಸುತ್ತ ನೆನಪನ್ನು ಸಂಸ್ಕರಿಸುವ ಪದ್ಧತಿಯನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದೆ. ಅಗತ್ಯವಿದ್ದವರಿಗೆ ಖಿನ್ನತೆ ನಿವಾರಕ ಔಷಧಗಳನ್ನು ವೈದ್ಯರು ಕೊಡುತ್ತಾರೆ. ಆಘಾತದ ಮೊದಲ ತಿಂಗಳಲ್ಲಿ ಮನಸ್ಸನ್ನು ಮಂಕುಮಾಡುವ ಬೆಂಜೋಡಯಜೆಪೀನ್ ವರ್ಗದ ಮಾತ್ರೆಗಳನ್ನು ಆಘಾತದ ಲಕ್ಷಣಗಳಿಗಾಗಿ ಕೊಡಬಾರದೆಂದೂ ಅದೇ ಸಂಸ್ಥೆ ಸೂಚಿಸಿದೆ. ಆದುದರಿಂದ ಮನೆಯಲ್ಲಿರುವ ಯಾರದೋ ನಿದ್ರೆಮಾತ್ರೆಯನ್ನು ಮಗನಿಗೆ ಕೊಡುವ ಅಭ್ಯಾಸ ಒಳ್ಳೆಯದಲ್ಲ. ಮದ್ಯದ ಮೊರೆ ಹೋಗುವುದಂತೂ ದುಃಖಕ್ಕೆ ಇನ್ನೊಂದು ದುಃಖವನ್ನು ಗಂಟುಹಾಕಿದಂತೆ.

ಬದುಕಿನಲ್ಲಿ ಅರ್ಥವಿಲ್ಲವೆಂಬ ಮಾತು, ತನ್ನ ವಸ್ತುಗಳನ್ನು ಇತರರಿಗೆ ಹಂಚಿಬಿಡುವುದು, “ಅವನ ಬದಲು ನಾನು ಹೋಗಬೇಕಿತ್ತು” ಎಂದು ಪದೇಪದೇ ಹೇಳುವುದು, ಇವು ಅಪಾಯದ ಸೂಚನೆಗಳು. ಇಂಥವರನ್ನು ಒಂಟಿಯಾಗಿ ಬಿಡದೆ, ತಡಮಾಡದೆ ಮನೋವೈದ್ಯರ ಬಳಿ ಕರೆದೊಯ್ಯಬೇಕು. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಮೆಲ್ಲಗೆ, ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದುದು ಹೊರಬರಲು ಅವಕಾಶವಾಗುತ್ತದೆ.

ಹೊರನಾಡಿನ ಕನ್ನಡಿಗರಿಗೆ ಒಂದು ಅನುಕೂಲವನ್ನು ತಿಳಿಸುವುದು ಅವಶ್ಯ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದರ ಕೇಂದ್ರಸ್ಥಾನ. 14416 ಎಂಬ ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ, ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಸಲಹೆ ಪಡೆಯಬಹುದು. ಕಾಲೇಜಿನಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ ಅಥವಾ ತಮಿಳು ಆಡುವ ಮಕ್ಕಳಿಗೂ, ಎದೆಯ ನೋವನ್ನು ಹೇಳಿಕೊಳ್ಳುವಾಗ ಮನೆಮಾತೇ ಹತ್ತಿರವಾಗಬಹುದು.

ಮನೆಯವರ ಪಾತ್ರ

ನಿದರ್ಶನದ ಹುಡುಗನ ತಾಯಿ ಮಗನ ತಲೆ ಸವರಿ, “ಆಗೋದು ಆಗಿಹೋತು, ಇನ್ನ ಆ ಮಾತು ಬ್ಯಾಡೋ ಯಪ್ಪಾ” ಎನ್ನುತ್ತಾಳೆ. ಮಾತಿನ ಹಿಂದೆ ಇರುವುದು ಮಮತೆ. ಆದರೆ ಮಗನಿಗೆ ಕೇಳಿಸುವುದು, ಇಲ್ಲಿ ಹೇಳಿಕೊಳ್ಳುವಂತಿಲ್ಲ ಎಂದು. ತಂದೆ, “ಸ್ವಲ್ಪ ದಿವಸ ಊರಿಗೆ ಕಳಿಸೋಣ, ಅಜ್ಜಿ ಹತ್ತಿರ ಇರಲಿ” ಎನ್ನುತ್ತಾನೆ. ಕೆಲವು ವಾರಗಳ ವಿಶ್ರಾಂತಿಗಾದರೆ ಅದು ಹಿತವೇ. ಜನರ ಕಣ್ಣು ತಪ್ಪಿಸಲೆಂದು ತಿಂಗಳುಗಟ್ಟಲೆ ಮರೆಯಲ್ಲಿರಿಸಿದರೆ ಭಯ ಬಲಿಯುತ್ತದೆ. ಬಿಟ್ಟುಹೋದ ರಸ್ತೆಯನ್ನು, ಬಿಟ್ಟುಹೋದ ತರಗತಿಯನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಪ್ರವೇಶಿಸುವುದೇ ಗುಣವಾಗುವ ದಾರಿ.

ಗ್ರಹಚಾರವೆಂದು ಹೇಳಿ ಶಾಂತಿ ಮಾಡಿಸುವ ಮನೆಗಳಿವೆ. ಪೂಜೆಯಿಂದ ಮನಸ್ಸಿಗೆ ನೆಮ್ಮದಿ ದೊರೆಯುವುದಾದರೆ ಯಾರೂ ಆಕ್ಷೇಪಿಸಬೇಕಿಲ್ಲ. ಆದರೆ ಅದು ಸತ್ಯ ನುಡಿಯುವುದಕ್ಕೂ ಚಿಕಿತ್ಸೆಗೂ ಬದಲಿಯಾಗಬಾರದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಸಹಸಂಸ್ಥೆಗಳು 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಕ್ರಿಯೆಗಳನ್ನು ಹೇಳುತ್ತದೆ: ನೋಡುವುದು, ಕೇಳುವುದು, ತಕ್ಕ ನೆರವಿನೊಡನೆ ಜೋಡಿಸುವುದು. ಮನೆಯವರು ಇವಿಷ್ಟನ್ನು ಮಾಡಿದರೆ ಬಹಳವಾಯಿತು. ಪಕ್ಕದಲ್ಲಿ ಕುಳಿತು, “ಹೇಳಬೇಕನಿಸಿದಾಗ ಹೇಳು, ನಾವಿದ್ದೇವೆ” ಎನ್ನುವುದು ಉಪದೇಶಕ್ಕಿಂತ ದೊಡ್ಡದು.

ಹುಡುಗಿಯ ಮನೆಯಲ್ಲಿ ಸಮಸ್ಯೆ ಬೇರೆ ರೂಪದ್ದು. ಅವಳ ಪ್ರೀತಿಯೇ ಮನೆಯವರಿಗೆ ತಿಳಿಯದಿರುವಾಗ, ಅವಳ ದುಃಖಕ್ಕೆ ಹೆಸರೇ ಇರುವುದಿಲ್ಲ. ಗಾಯ ಅವಳ ಮೈಮೇಲಿಲ್ಲ; ಆದುದರಿಂದ ಅವಳನ್ನು ವಿಚಾರಿಸುವವರೂ ಇಲ್ಲ. ಮಗಳು ಕಾರಣವಿಲ್ಲದೆ ಸೊರಗುತ್ತಿದ್ದರೆ, ಪರೀಕ್ಷೆಯ ಅಂಕಗಳನ್ನು ಕೇಳುವ ಮೊದಲು ಅವಳನ್ನು ಕೇಳಬೇಕು. ಆಗ ಹೊರಬೀಳುವ ಪ್ರೇಮದ ಸುದ್ದಿಗೆ ಕೋಪಗೊಳ್ಳಲು ಅದು ಸಮಯವಲ್ಲ.

ಕಾನೂನು ಮತ್ತು ಸತ್ಯ

ಅಪಘಾತವಾದೊಡನೆ ಗಾಯಾಳುವಿಗೆ ವೈದ್ಯಕೀಯ ನೆರವು ದೊರಕಿಸುವುದು ಮತ್ತು ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯಿದೆಯ ಪ್ರಕಾರ ಚಾಲಕನ ಕರ್ತವ್ಯ. ತುರ್ತು ನೆರವಿಗೆ 112 ಸಂಖ್ಯೆಯಿದೆ. ನೆರವಿಗೆ ಬಂದ ದಾರಿಹೋಕರನ್ನು ಮೊಕದ್ದಮೆಗಳ ಕಿರುಕುಳದಿಂದ ರಕ್ಷಿಸುವ ವಿಧಿಯನ್ನು 2019ರ ತಿದ್ದುಪಡಿಯಲ್ಲಿ ಸೇರಿಸಲಾಗಿದೆ. ಚಾಲನೆಯ ವೇಳೆ ಕೈಯಲ್ಲಿ ಮೊಬೈಲ್ ಹಿಡಿದು ಬಳಸುವುದು ಅದೇ ತಿದ್ದುಪಡಿಯಂತೆ ಅಪಾಯಕಾರಿ ಚಾಲನೆಯೆನಿಸುತ್ತದೆ. ಮೊದಲ ಅಪರಾಧಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಅಜಾಗರೂಕತೆಯಿಂದ ಸಾವಿಗೆ ಕಾರಣವಾದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ವಿಧಿಯಂತೆ ಐದು ವರ್ಷಗಳವರೆಗೆ ಸೆರೆವಾಸ ಮತ್ತು ದಂಡವಿದೆ. ಮೃತನ ಕುಟುಂಬಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳುವ ಹಕ್ಕಿದೆ.

ಶಿಕ್ಷೆಯ ಭಯದಿಂದ ಆಡಿದ ಸುಳ್ಳು ಮನಸ್ಸಿನಲ್ಲಿ ಎರಡನೆಯ ಗಾಯವಾಗುತ್ತದೆ. ಮೊದಲನೆಯದು ಆದುದು ಅರಿಯದೆ. ಎರಡನೆಯದು ಅರಿತು ಮಾಡಿದ್ದು. ನಿದರ್ಶನದ ಹುಡುಗನಿಗೆ ನಾಯಿಯ ಸುಳ್ಳು, ಅಪಘಾತದಷ್ಟೇ ನಿದ್ರೆ ಕೆಡಿಸಿದರೆ ಆಶ್ಚರ್ಯವಿಲ್ಲ. ಅದನ್ನು ತಿದ್ದಿಕೊಳ್ಳುವ ದಾರಿ ಇದೆ. ಮೊದಲು ವಕೀಲರ ಸಲಹೆ ಪಡೆದು, ಅವರ ಮೂಲಕ ಸತ್ಯವನ್ನು ದಾಖಲಿಸುವುದು ಸರಿಯಾದ ಕ್ರಮ. ಮೃತನ ತಂದೆತಾಯಿಗಳನ್ನು ಕಾಣುವ ಮೊದಲೂ ವಕೀಲರನ್ನೂ, ಎರಡೂ ಮನೆಗೆ ಬೇಕಾದ ಹಿರಿಯರೊಬ್ಬರನ್ನೂ ವಿಚಾರಿಸಬೇಕು. ತನ್ನ ಎದೆಯ ಭಾರವನ್ನು ಇಳಿಸಿಕೊಳ್ಳಲೆಂದು ಅವರ ಬಾಗಿಲು ತಟ್ಟುವುದು ಇನ್ನೊಂದು ಅಪಚಾರವಾದೀತು. ಅವರು ಭೇಟಿಗೆ ಒಪ್ಪಿದಾಗಲೇ ಹೋಗಬೇಕು. ಹೋದಾಗ ಕಾರಣಗಳನ್ನು ಹೇಳದೆ, ಕ್ಷಮೆಯನ್ನು ಬೇಡಿ ಪೀಡಿಸದೆ, ಅವರ ಕೋಪವನ್ನೂ ಕಣ್ಣೀರನ್ನೂ ಕೇಳಿ ಬರಬೇಕು. ಕ್ಷಮೆ ದೊರೆಯಬಹುದು, ದೊರೆಯದೆಯೂ ಹೋಗಬಹುದು. ಅದು ಅವರ ಸ್ವತ್ತು. ಚೇತರಿಕೆ ಅದನ್ನೇ ನಂಬಿ ಕೂರುವಂತಿಲ್ಲ.

ಮುಂದಿನ ದಾರಿ

ತಡೆಗಟ್ಟುವ ಕ್ರಮಗಳು ಅತಿ ಸರಳವಾದವು. ವಾಹನ ಹತ್ತುವ ಮೊದಲು ಮೊಬೈಲಿನ ಸದ್ದಡಗಿಸಿ ಚೀಲದಲ್ಲಿರಿಸಬೇಕು. ಹಿಂದೆ ಕುಳಿತವರೂ ಹೆಲ್ಮೆಟ್ ಧರಿಸಬೇಕು. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಕಾನೂನು ಇದನ್ನು ಕಡ್ಡಾಯಗೊಳಿಸಿದೆ. ದಾರಿಯಲ್ಲಿರುವವರಿಗೆ ಕರೆ ಮಾಡುವವರಿಗೂ ಒಂದು ಸಂಯಮ ಬೇಕು. “ಎಲ್ಲಿದ್ದೀಯಾ?” ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುವ ತಾಯಿ, ತಂದೆ, ಪ್ರಿಯತಮೆ, ಪತಿ ಇವರೆಲ್ಲರೂ “ತಲುಪಿದ ಮೇಲೆ ತಿಳಿಸು” ಎಂಬ ಒಂದೇ ಮಾತಿಗೆ ಒಗ್ಗಿಕೊಳ್ಳುವುದು ಲೇಸು. ಸವಾರಿಯಲ್ಲಿರುವವನು ಉತ್ತರಿಸದಿದ್ದರೆ ಅದು ಅಲಕ್ಷ್ಯವಲ್ಲ, ಲಕ್ಷ್ಯ ಎಂದು ತಿಳಿಯಬೇಕು.

ನಿದರ್ಶನದ ಆ ಇಬ್ಬರೂ ಮುಂದೆ ಒಂದಾಗಬಹುದು, ಬೇರೆಯಾಗಲೂಬಹುದು. ಒಂದಾದರೆ, ಸತ್ತ ಗೆಳೆಯನ ಹೆಸರನ್ನು ಮನೆಯಲ್ಲಿ ಅಂಜದೆ ಆಡಬಲ್ಲವರಾಗಿ ಒಂದಾಗಲಿ. ಬೇರೆಯಾದರೆ, ಒಬ್ಬರನ್ನೊಬ್ಬರು ದೂಷಿಸದೆ ಬೇರೆಯಾಗಲಿ. ಗುಣವಾಗುವುದೆಂದರೆ ಮರೆಯುವುದಲ್ಲ. ಸತ್ತವನ ವರ್ಷಾಂತಿಕದ ದಿನ ರಕ್ತದಾನ ಮಾಡುವುದು, ಹೊಸದಾಗಿ ಕಾಲೇಜಿಗೆ ಸೇರಿದವರಿಗೆ ಹೆಲ್ಮೆಟಿನ ಮಾತು ಹೇಳುವುದು, ಅಪಘಾತದಲ್ಲಿ ಪ್ರಥಮ ಚಿಕಿತ್ಸೆ ಮಾಡಲು ಕಲಿಯುವುದು, ಇಂಥ ಸಣ್ಣ ಕೆಲಸಗಳಲ್ಲಿ ಆ ನೆನಪಿಗೆ ಒಂದು ಜಾಗ ಸಿಗುತ್ತದೆ.

ದಶರಥನು ಬಾಣ ಬಿಟ್ಟ ರಾತ್ರಿ ಓಡಿಹೋಗಲಿಲ್ಲ. ಸಾಯುತ್ತಿದ್ದ ತರುಣನ ಮಾತಿನಂತೆ ಕೊಡದಲ್ಲಿ ನೀರು ತುಂಬಿಕೊಂಡು ಆ ಕುರುಡ ದಂಪತಿಗಳ ಬಳಿಗೆ ಹೋಗಿ, ನಡೆದುದನ್ನು ತಾನೇ ಹೇಳಿದನು. ಶಾಪವನ್ನೂ ಕೇಳಿಸಿಕೊಂಡನು. ಆ ಧೈರ್ಯ ಅವನಿಗಿತ್ತು. ಕೌಸಲ್ಯೆಯ ಮುಂದೆ ಅದೇ ಮಾತನ್ನು ಆಡಲು ಮಾತ್ರ ಅವನು ಕಡೆಯ ರಾತ್ರಿಯವರೆಗೆ ಕಾದನು. ಅಷ್ಟು ಕಾಲ ಕಾಯಬೇಕಾಗಿಲ್ಲವೆಂಬುದನ್ನು ಇಂದಿನ ಮನೋವೈದ್ಯ ಶಾಸ್ತ್ರ ತಿಳಿಸಿಕೊಡುತ್ತದೆ. ಮಹಾನಗರಗಳಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೆ ಅಂಥ ಗಳಿಗೆ ಬಾರದಿರಲಿ. ಬಂದರೆ, ಹೇಳಿಕೊಳ್ಳಲು ಒಂದು ಮನೆ, ಕೇಳಲು ಒಂದು ಕಿವಿ ಅವರಿಗೆ ಹತ್ತಿರದಲ್ಲಿಯೇ ಇರಲಿ.